ಹದಿನಾಲ್ಕು ಬಾಗಿಲಿಗೆ ಹಳದಿ ನಂಬರು

ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಅಂದರೆ, ಯಾರನ್ನೂ ನಂಬದೆ ಇರುವುದಕ್ಕೇ ಸಂಬಳ ತೆಗೆದುಕೊಳ್ಳುವವನು. ಮನೆಗೆ ಬಂದ ಹಾಲಿನ ಪ್ಯಾಕೆಟ್ಟನ್ನೂ ನಾಲ್ಕು ಸಲ ತಿರುಗಿಸಿ ನೋಡಿಯೇ ಒಳಗೆ ಬಿಡುತ್ತೇನೆ. ಇಂಥವನಿಗೂ ಕರುಣೆ ಹುಟ್ಟಿದ್ದೇ ಈ ಅನಾಹುತದ ಮೂಲ.

ಕಂಪನಿ ಕೆಲಸಕ್ಕೆಂದು ಜಿಗಣಿಗೆ ಹೋದವನು ದಾರಿ ತಪ್ಪಿ ತಗಡಿನ ಶೆಡ್ಡುಗಳ ಸಾಲೊಂದಕ್ಕೆ ಬಂದುಬಿಟ್ಟೆ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಬೀಡು ಅದು. ಡಿಸೆಂಬರ್ ಚಳಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಸಿಮೆಂಟ್ ಚೀಲ ಹೊದ್ದು ಕೂತಿದ್ದಳು. ಕರುಳು ಚುರುಕ್ ಎಂದಿತು. ಮುಂದಿನ ಭಾನುವಾರವೇ ಇಪ್ಪತ್ತು ಕಂಬಳಿಗಳನ್ನೂ ಹೆಂಡತಿ ಶಾರದೆಯನ್ನೂ ಕಾರಿಗೆ ತುಂಬಿಕೊಂಡು ಹೊರಟೆ.

ಕರುಣೆ ಬಂದ ಮಾತ್ರಕ್ಕೆ ಅನುಮಾನ ಹೋಗುತ್ತದೆಯೇ?

“ಒಬ್ರೇ ಎರಡೆರಡು ತಗೊಂಡ್ರೆ?” ಎಂದೆ.

“ತಗೊಳ್ಲಿ ಬಿಡ್ರೀ. ಅವ್ರಿಗೆ ಚಳಿ ಜಾಸ್ತಿ ಅನ್ಕೊಳ್ಳಿ.”

“ಎಲ್ಲದಕ್ಕೂ ಒಂದು ಸಿಸ್ಟಮ್ ಬೇಡ್ವೇನೇ?”

ಶಾರದೆ ಕಿಟಕಿಯ ಕಡೆ ತಿರುಗಿದಳು. ಸಿಸ್ಟಮ್ ನನ್ನ ಜೇಬಿನಲ್ಲೇ ಇತ್ತು. ಕಾರ್ಖಾನೆಯಲ್ಲಿ ಬಿಡಿಭಾಗಗಳ ಮೇಲೆ ಗುರುತು ಹಾಕುವ ಹಳದಿ ಪೇಂಟ್ ಪೆನ್ನು. ಎಣ್ಣೆಗೂ ಹೋಗದ, ನೀರಿಗೂ ಹೋಗದ ಬಣ್ಣ!

ಕಂಬಳಿ ಕಂಡರೆ ಜನ ಮುಗಿಬಿದ್ದಾರು ಎಂದು ಡಿಕ್ಕಿಗೆ ಬೀಗ ಹಾಕಿ, ಶಾರದೆಯನ್ನು ಕಾವಲಿಗೆ ಕೂರಿಸಿದೆ. ಮೊದಲು ಬಾಗಿಲಿಗೆ ನಂಬರು, ಆಮೇಲೆ ನಂಬರಿಗೊಂದು ಕಂಬಳಿ. ಬಾಗಿಲುಗಳ ಮೇಲೆ ಒಂದು, ಎರಡು, ಮೂರು ಎಂದು ದಪ್ಪಗೆ ಬರೆಯುತ್ತಾ ಹೋದೆ. ಅಭ್ಯಾಸಬಲದಿಂದ ಸುತ್ತ ಒಂದು ವೃತ್ತ ಬೇರೆ!

ಮೊದಲ ಬಾಗಿಲಿನ ಮಲ್ಲಮ್ಮ, “ಯಾಕ್ರೀ ಸಾಹೇಬ್ರ?” ಎಂದು ಕೇಳಿದ್ದಳು.

“ಆಮೇಲೆ ಗೊತ್ತಾಗತ್ತೆ” ಎಂದಿದ್ದೆ, ಗುಟ್ಟಾಗಿ ನಗುತ್ತಾ.

ಹದಿನಾಲ್ಕನೆಯದು ಮುಗಿಸಿ ತಿರುಗಿದರೆ, ಪಾತ್ರೆ, ಟ್ರಂಕು, ಹಾಸಿಗೆ ಎಲ್ಲವೂ ಬೀದಿಯಲ್ಲಿ! ಒಬ್ಬ ಸೂರಿನ ತಗಡನ್ನೇ ಬಿಚ್ಚುತ್ತಿದ್ದ. ಕದ್ದ ಮಾಲು ಸಾಗಿಸುತ್ತಿದ್ದಾರೆಯೇ? ಆಗಲೂ ನನ್ನ ತಲೆಗೆ ಹೊಳೆದದ್ದು ಇದು!

ಮಲ್ಲಮ್ಮ ಬಂದು ಕೈಮುಗಿದಳು. “ಹಿಂದಿನ ಜಾಗದಾಗೂ ಹಿಂಗ ನಂಬರ್ ಬರದಿದ್ರು. ಮರದಿನಾನ ಜೆಸಿಬಿ ಬಂತು, ಸಾಮಾನೆಲ್ಲ ಮಣ್ಣಾಗ ಹೋತು. ಸಂಜಿತನಾ ಟೈಮ್ ಕೊಡ್ರಿ ಯಪ್ಪಾ. ಒಲಿ ಮ್ಯಾಲ ಅನ್ನ ಐತಿ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

“ಅಯ್ಯೋ, ನಾನು ಕಂಬಳಿ ಕೊಡೋಕೆ ಬಂದಿದ್ದು ಕಣಮ್ಮಾ!”

“ಕಂಬಳಿ ಕೊಡೋರು ಬಾಗಿಲಿಗ್ಯಾಕ ನಂಬರ್ ಹೊಡೀತಾರ್ರೀ?” ಎಂದಳು.

“ಕಂಬಳಿ ಕೊಟ್ಟು ಹೆಬ್ಬಟ್ಟು ಒತ್ತಿಸ್ಕೊಂತಾರ, ತಗೋಬ್ಯಾಡ್ರಿ!” ಎಂದು ಸೂರಿನ ಮೇಲಿದ್ದವನು ಕೂಗಿದ. ಒಬ್ಬರೂ ನನ್ನನ್ನು ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಗದ್ದಲ ಕೇಳಿ ಓಡಿಬಂದ ಶಾರದೆ ಮಲ್ಲಮ್ಮನ ಕೈ ಹಿಡಿದುಕೊಂಡಳು. “ನಿಮ್ಮನ್ನ ಯಾರೂ ಎಬ್ಬಿಸಲ್ಲಮ್ಮ. ನಮ್ಮನೆಯವ್ರಿಗೆ ಅನುಮಾನದ ರೋಗ. ಕಟ್ಕೊಂಡ ನನ್ನನ್ನೇ ನಂಬಲ್ಲ, ನಿಮ್ಮನ್ನ ನಂಬ್ತಾರಾ?”

ಹೆಂಗಸರು ಕಿಸಕ್ಕನೆ ನಕ್ಕರು. ಆದರೂ ಷರತ್ತು ಹಾಕಿದರು: ಮೊದಲು ನಂಬರು ಅಳಿಸಬೇಕು, ಆಮೇಲೆ ಕಂಬಳಿ.

ಪೇಂಟ್ ಅಂಗಡಿಯಿಂದ ಥಿನ್ನರ್ ತಂದು, ಮಧ್ಯಾಹ್ನವಿಡೀ ಹದಿನಾಲ್ಕು ಬಾಗಿಲು ಉಜ್ಜಿದೆ. ಮಲ್ಲಮ್ಮ ಹಿಂದೆಯೇ ನಿಂತು ತಪಾಸಣೆ ಮಾಡಿದಳು. “ಇಲ್ಲಿ ಇನ್ನಾ ಹಳದಿ ಕಾಣಸ್ತೈತ್ರಿ.” ಮೂರು ಬಾಗಿಲು ರಿಜೆಕ್ಟ್! ಅಷ್ಟರಲ್ಲಿ ಶಾರದೆ ಡಿಕ್ಕಿ ತೆರೆದು ಕಂಬಳಿಗಳನ್ನು ಅವರ ಮುಂದೆ ಇಟ್ಟಿದ್ದಳು. ಯಾರ ಮನೆಯಲ್ಲಿ ಮಕ್ಕಳು ಹೆಚ್ಚೋ ಅವರಿಗೆ ಎರಡು ಎಂದು ಹೆಂಗಸರೇ ತೀರ್ಮಾನಿಸಿ ಹಂಚಿಕೊಂಡರು. ಒಂದು ಜಗಳವಿಲ್ಲ, ಒಂದು ಸಿಸ್ಟಮ್ ಇಲ್ಲ.

ಹೊರಡುವಾಗ ಮಲ್ಲಮ್ಮ ಕಾರಿನ ತನಕ ಬಂದಳು.

“ಯಕ್ಕಾ, ಮತ್ತ ಬರ್ರಿ” ಎಂದಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, “ಇವರನ್ನ ಮನ್ಯಾಗ ಬಿಟ್ಟು ಬರ್ರಿ” ಎಂದಳು.

ಶಾರದೆ “ಆಯ್ತು” ಅಂದಳು. ಯೋಚಿಸಲು ಒಂದು ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ!