ನೂರು ಕುದುರೆ, ಎರಡು ಡ್ರಮ್ ಹಿಟ್ಟು

ಗಂಡಸಿಗೆ ನಲವತ್ತೆಂಟು ದಾಟಿದ ಮೇಲೆ ಏನಾದರೊಂದು ಹುಚ್ಚು ಹಿಡಿಯುತ್ತದಂತೆ. ಕೆಲವರು ತಲೆಗೆ ಬಣ್ಣ ಹಚ್ಚುತ್ತಾರೆ, ಕೆಲವರು ಯೋಗಾಸನಕ್ಕೆ ಸೇರುತ್ತಾರೆ. ನಾನು ರ‍್ಯಾಲಿ ಕಾರು ಕೊಂಡೆ. ತಲೆಗೆ ಬಣ್ಣ ಹಚ್ಚಿದ್ದರೆ ಇದಕ್ಕಿಂತ ಅಗ್ಗವಾಗುತ್ತಿತ್ತು ಎಂದು ನನ್ನ ಹೆಂಡತಿ ಉಮಾವತಿ ಇವತ್ತಿಗೂ ಹೇಳುತ್ತಾಳೆ. (ಬಣ್ಣ ಹಚ್ಚಲು ಮೊದಲು ತಲೆಯ ಮೇಲೆ ಏನಾದರೂ ಇರಬೇಕು ಎನ್ನುವ ಮಾತನ್ನು ಅವಳು ಸೌಜನ್ಯದಿಂದ ನುಂಗಿಕೊಳ್ಳುತ್ತಾಳೆ.)

ಪುಣೆಯ ಕ್ಯಾಂಪಿನ ಒಂದು ಓಣಿಯಲ್ಲಿ ನನ್ನದೊಂದು ಇಡ್ಲಿ ದೋಸೆಯ ಹೋಟೆಲಿದೆ. ಗಲ್ಲಾದ ಮೇಲೆ 'ಮೋಹನದಾಸ್ ಶೆಟ್ಟಿ, ಮಾಲೀಕರು' ಎಂದು ಬರೆಸಿದ್ದೇನೆ, ಆದರೆ ಮರಾಠಿ ಗಿರಾಕಿಗಳಿಗೆಲ್ಲ ನಾನು 'ಅಣ್ಣಾ'. ಅಡುಗೆ ಭಟ್ಟ ಶ್ಯಾಮ ಒಲೆಯ ಕಡೆ ತಿರುಗಬೇಕಾದರೆ ಮಾಣಿ ಹೊರಗೆ ಬರಬೇಕು, ಅಷ್ಟು ವಿಶಾಲವಾದ ಅಡುಗೆಮನೆ. ಗ್ರೈಂಡರ್ ಇಡಲು ಜಾಗವಿಲ್ಲ. ಹಾಗಾಗಿ ಇಡ್ಲಿ ಹಿಟ್ಟು ತಯಾರಾಗುವುದು ವಾನವಡಿಯ ನಮ್ಮ ಮನೆಯಲ್ಲಿ. ಸಂಜೆ ಉಮಾವತಿ ಎದುರು ನಿಂತು ರುಬ್ಬಿಸಿ, ಉಪ್ಪು ಹಾಕಿ, ಮೊಣಕೈವರೆಗೆ ಕೈ ಇಳಿಸಿ ತಾನೇ ಕಲಸಿ ಎರಡು ಸ್ಟೀಲ್ ಡ್ರಮ್ಮುಗಳಿಗೆ ತುಂಬುತ್ತಾಳೆ. ಬೆಳಗಾಗುವಾಗ ಹಿಟ್ಟು ಉಬ್ಬಿ ಮುಚ್ಚಳ ಮುಟ್ಟಿರುತ್ತದೆ. ಅದನ್ನು ಹೋಟೆಲಿಗೆ ಸಾಗಿಸುವುದು ಯಜಮಾನನಾದ ನನ್ನ ಘನಕಾರ್ಯ. ನಮ್ಮ ಊಟ, ಮಗಳು ಯಶ್ಮಿತಾಳ ಕಾಲೇಜು, ಸೊಸೈಟಿಯ ಫ್ಲಾಟು, ಎಲ್ಲ ಆ ಎರಡು ಡ್ರಮ್ಮುಗಳಿಂದಲೇ ಬಂದದ್ದು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ನಮ್ಮ ಹಳೆಯ ವ್ಯಾನು ಗೋಳೀಬಾರ್ ಮೈದಾನದ ಹತ್ತಿರ ಪ್ರಾಣ ಬಿಟ್ಟಿತು. ಇನ್ನೊಂದು ವ್ಯಾನು ನೋಡಿಕೊಂಡು ಬರುತ್ತೇನೆಂದು ಹೊರಟವನ ಕಣ್ಣಿಗೆ ಕೋರೆಗಾಂವ್ ಪಾರ್ಕಿನ ಬಂಗಲೆಯೊಂದರ ಮುಂದೆ ಅದು ಬಿತ್ತು. ಕೆಂಪು ಬಣ್ಣ. ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಡಿಕ್ಕಿಯ ಮೇಲೊಂದು ರೆಕ್ಕೆ. ಮುಂದಿನ ಎರಡು ಸೀಟುಗಳು ಬಾಲ್ದಿಯ ಹಾಗೆ ಆಳ. ಅದರ ಮಾಲೀಕ ರ‍್ಯಾಲಿಗಳಲ್ಲಿ ಓಡಿಸುತ್ತಿದ್ದ ಯುವಕ. ಮದುವೆ ನಿಶ್ಚಯವಾಗಿತ್ತು, ಹುಡುಗಿಯ ಕಡೆಯವರು ಹಾಕಿದ ಷರತ್ತಿಗೆ ಒಪ್ಪಿ ಮಾರುತ್ತಿದ್ದ. (ಇಷ್ಟು ಕೇಳಿದಾಗಲೇ ನಾನು ಓಡಿ ಬರಬೇಕಿತ್ತು.) ನೂರು ಕುದುರೆಗಳ ಶಕ್ತಿ ಇದೆ ಅಂಕಲ್ ಎಂದ. ಹುಟ್ಟಿದಂದಿನಿಂದ ಒಂದು ಕತ್ತೆಯನ್ನೂ ಸಾಕದ ನಾನು ನೂರು ಕುದುರೆಗಳ ಒಡೆಯನಾಗಿ ಮನೆಗೆ ಬಂದೆ.

ಉಮಾವತಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು, ಭಕ್ತಿಯಿಂದಲ್ಲ.

"ಡ್ರಮ್ ಎಲ್ಲಿ ಇಡುದು?"

"ಹಿಂದಿನ ಸೀಟಿನಲ್ಲಿ."

"ಹಾಗಾದ್ರೆ ನಾವು?"

"ಮುಂದೆ ಇನ್ನೊಂದು ಸೀಟು ಉಂಟಲ್ಲ ಮಾರಾಯ್ತಿ."

"ಅದು ಸೀಟಾ? ನಾನು ಬಾವಿ ಅಂತ ಮಾಡಿದೆ."

(ನಮ್ಮ ಜಗಳ ನಡೆಯುವುದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ, ಕ್ಷಮಿಸಬೇಕು.)

ದಿನಬಳಕೆಗೆ ಅಂಥ ಕಾರು ಇಟ್ಟುಕೊಂಡವನ ಪಾಡು ನಿಮಗೆ ಗೊತ್ತಿರಲಾರದು. ನಮ್ಮ ಸೊಸೈಟಿಯ ಗೇಟಿನಲ್ಲೇ ಒಂದು ಸ್ಪೀಡ್ ಬ್ರೇಕರ್ ಇದೆ, ಡಾಂಬರು ಉಳಿದವರು ಕಟ್ಟಿದ್ದು. ಅಲ್ಲಿ ಹೆಂಡತಿ ಮಗಳು ಇಬ್ಬರೂ ಇಳಿಯಬೇಕು, ಕಾರು ಹಗುರಾಗಿ ದಾಟಬೇಕು, ಅವರು ನಡೆದು ಬಂದು ಮತ್ತೆ ಹತ್ತಬೇಕು. ಪುಣೆಯಲ್ಲಿ ಸ್ಪೀಡ್ ಬ್ರೇಕರುಗಳಿಗೇನು ಬರ. ಒಂದು ಮದುವೆಗೆ ಹೋದಾಗ ಉಮಾವತಿ ಕಾರಿನಲ್ಲಿ ಕೂತದ್ದಕ್ಕಿಂತ ರಸ್ತೆಯಲ್ಲಿ ನಡೆದದ್ದೇ ಹೆಚ್ಚಾಯಿತು. ಜೊತೆಗೆ ರೇಷ್ಮೆ ಸೀರೆಯುಟ್ಟವಳನ್ನು ಆ ಬಾಲ್ದಿ ಸೀಟಿನಿಂದ ಎತ್ತಲು ನಾನೊಂದು ಕೈ, ಮದುವೆ ಹಾಲಿನ ವಾಚ್‌ಮನ್ ಒಂದು ಕೈ. ಸೈಲೆನ್ಸರ್ ಎಂಬ ಹೆಸರಿನ ಅದರ ಕೊಳವೆ ನಸುಕಿನಲ್ಲಿ ಗುಡುಗಿದರೆ ಮೂರನೇ ಮಹಡಿಯವರ ಕೂಸು ಎದ್ದು ಅಳುತ್ತಿತ್ತು. ಪೆಟ್ರೋಲಂತೂ ನಮ್ಮಲ್ಲಿ ಗಿರಾಕಿಗಳು ಸಾಂಬಾರು ಕುಡಿದ ಹಾಗೆ ಕುಡಿಯುತ್ತಿತ್ತು.

ಆದರೆ ಬೆಳಗಿನ ಆ ಹಾದಿ. ವಾನವಡಿಯಿಂದ ಕ್ಯಾಂಪಿಗೆ ಬರುವಾಗ ರೇಸ್‌ಕೋರ್ಸಿನ ಪಕ್ಕ ನೇರವಾದ ರಸ್ತೆ, ನಸುಕಿನಲ್ಲಿ ಅಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಬೇಲಿಯೊಳಗೆ ಕುದುರೆಗಳು ಓಟದ ಅಭ್ಯಾಸ ಮಾಡುತ್ತಿದ್ದವು, ಹೊರಗೆ ನನ್ನ ನೂರು ಕುದುರೆ. ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಇಡೀ ಜೀವಮಾನ ಗಲ್ಲಾದ ಹಿಂದೆ ಕೂತು ಚಿಲ್ಲರೆ ಎಣಿಸಿದವನಿಗೆ ಆ ಕೆಲವು ನಿಮಿಷ ಸ್ವರ್ಗವೇ. ನನಗೆ ತುಂಬಾ ಸಂತೋಷವಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಅದೇ ಹೊತ್ತಿಗೆ ನಮ್ಮ ಇಡ್ಲಿ ಕೆಟ್ಟಿತು.

ಮೊದಲು ಹೇಳಿದವರು ಶಂಕ್ರೆಪ್ಪ. ಯಾದಗಿರಿ ಕಡೆಯವರು, ಕಟ್ಟಡದ ಕೆಲಸಕ್ಕೆ ಆಳು ಒದಗಿಸುವ ಮೇಸ್ತ್ರಿ. ಪ್ರತಿ ಭಾನುವಾರ ತಮ್ಮ ಗೌಂಡಿಗಳನ್ನೆಲ್ಲ ಕರೆದುಕೊಂಡು ನಮ್ಮಲ್ಲಿ ಬಂದು ಕನ್ನಡದಲ್ಲಿ ತಿಂಡಿ ತಿನ್ನುವ ಗಿರಾಕಿ. ಅವರು ಇಡ್ಲಿಯನ್ನು ಬೆರಳಿಂದ ಒತ್ತಿ ನೋಡಿ, ಮರ್ಯಾದೆಯಿಂದಲೇ ಕೇಳಿದರು.

"ಸೇಠ್ರ, ತಪ್ಪ ತಿಳ್ಕೋಬ್ಯಾಡ್ರಿ. ಇದನ್ನ ತಿನ್ನೂದೋ, ಗ್ವಾಡಿಗೆ ಇಟ್ಟು ಕಟ್ಟೂದೋ?"

ಗೌಂಡಿಗಳು ನಕ್ಕರು. ನನಗೆ ನಗು ಬರಲಿಲ್ಲ. ವಾರ ಕಳೆಯುವುದರೊಳಗೆ ಮರಾಠಿಯವರೂ "ಅಣ್ಣಾ, ಇಡಲೀ ಕಡಕ್ ಝಾಲೀ" ಎಂದು ಇಡ್ಲಿ ಗಟ್ಟಿಯಾದದ್ದನ್ನು ದೂರತೊಡಗಿದರು. ಓಣಿಯ ತುದಿಯಲ್ಲಿ ಹೊಸದಾಗಿ ಶುರುವಾಗಿದ್ದ ಹೋಟೆಲಿನ ಮುಂದೆ ನಮ್ಮ ಹಳೆಯ ಗಿರಾಕಿಗಳ ಸೈಕಲ್ಲುಗಳು ಕಾಣಿಸಿಕೊಂಡವು. ಹೀಗೇ ಆದರೆ ದೀಪಾವಳಿಯೊಳಗೆ ಬಾಗಿಲು ಹಾಕಬೇಕಾಗುತ್ತದೆಂದು ನನಗೆ ನಿಜಕ್ಕೂ ಭಯವಾಯಿತು.

ನಾನು ತನಿಖೆ ಆರಂಭಿಸಿದೆ. ಮೊದಲ ಆರೋಪಿ ಮಾರ್ಕೆಟ್ ಯಾರ್ಡಿನ ಉದ್ದಿನಬೇಳೆ ವ್ಯಾಪಾರಿ. ಅವನನ್ನು ಬದಲಾಯಿಸಿದೆ. ಇಡ್ಲಿ ಬದಲಾಗಲಿಲ್ಲ. ಎರಡನೇ ಆರೋಪಿ ಶ್ಯಾಮ. ಹಬೆ ಸರಿಯಾಗಿ ಕೊಡುತ್ತಿಲ್ಲ ಎಂದು ಗದರಿದೆ, ಅವನು ಮುನಿಸಿಕೊಂಡು ಒಂದು ದಿನ ಚಟ್ನಿಗೆ ಉಪ್ಪನ್ನೇ ಹಾಕಲಿಲ್ಲ. ಮೂರನೇ ಆರೋಪಿ ಗ್ರೈಂಡರಿನ ಕಲ್ಲು. ನಾಲ್ಕನೆಯದು ಪುಣೆಯ ಥಂಡಿ. (ಆಗ ಏಪ್ರಿಲ್ ತಿಂಗಳು.) ಹೀಗೆ ಎಲ್ಲರನ್ನೂ ಮುಗಿಸಿ ಕೊನೆಗೆ ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಉಮಾ, ನಿನ್ನ ಕೈ ಕೆಟ್ಟಿದೆ."

ಅವಳು ಕಲಸುತ್ತಿದ್ದ ಹಿಟ್ಟಿನಿಂದ ಕೈ ತೆಗೆದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮದುವೆಯಾಗಿ ಪುಣೆಗೆ ಬಂದಂದಿನಿಂದ ಹೋಟೆಲನ್ನು ಸಾಕಿದ್ದು ಆ ಕೈ. ಅವಳಿಗೆ ತುಂಬಾ ನೋವಾಯಿತೆಂದು ಗೊತ್ತಾಯಿತು. ಆದರೂ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ನನ್ನ ಯಜಮಾನಿಕೆ ಬಿಡಲಿಲ್ಲ.

ಮರುದಿನ ಮಧ್ಯಾಹ್ನ ಅವಳು ನನ್ನ ತಟ್ಟೆಗೆ ಇಡ್ಲಿ ಹಾಕಿದಳು. ಮುಟ್ಟಿದರೆ ಕರಗುವಂಥ ಇಡ್ಲಿ. ಬೆಳಿಗ್ಗೆ ಡ್ರಮ್ಮಿನಿಂದಲೇ ಒಂದು ಪಾತ್ರೆ ಹಿಟ್ಟು ತೆಗೆದಿಟ್ಟು ಮಾಡಿದ್ದಂತೆ.

"ಅದೇ ಹಿಟ್ಟು, ಅದೇ ಕೈ," ಎಂದಳು. "ಮನೆಯಲ್ಲಿ ಇದು ಹೀಗುಂಟು. ಹೋಟೆಲಿಗೆ ಹೋಗಿ ಕಲ್ಲಾಗ್ತದೆ. ನಡುವೆ ಎಂತ ಆಗ್ತದೆ ಅಂತ ನೀವೇ ಹೇಳಿ."

ನಡುವೆ ಇರುವುದು ಕಾರು. ಮೂರನೇ ಇಡ್ಲಿ ಬಾಯಿಗಿಡುವಾಗ ನನಗೆ ಜ್ಞಾನೋದಯವಾಯಿತು. ರ‍್ಯಾಲಿ ಕಾರಿನ ಸ್ಪ್ರಿಂಗುಗಳು ಕಬ್ಬಿಣದ ಕಡಲೆ. ಒಂದು ಸಣ್ಣ ಹೊಂಡಕ್ಕೂ ಡ್ರಮ್ಮು ಕುಣಿಯುತ್ತದೆ, ರಾತ್ರಿಯಿಡೀ ಉಬ್ಬಿದ ಹಿಟ್ಟಿನ ಗಾಳಿಯೆಲ್ಲ ಹೊರಟುಹೋಗಿ ಹಿಟ್ಟು ಕೂತುಬಿಡುತ್ತದೆ. ಶತ್ರು ಸಿಕ್ಕಿದ. ಆದರೆ ಅವನು ನನ್ನ ಪ್ರಾಣಮಿತ್ರನೇ ಆಗಿದ್ದ.

ನಾಲ್ಕು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಡ್ರಮ್ಮಿನ ಕೆಳಗೆ ಹಾಸಿಗೆ ಹಾಕಿ ನೋಡಿದೆ, ಯಶ್ಮಿತಾಳ ಹಳೆಯ ತೊಟ್ಟಿಲ ದಿಂಬುಗಳನ್ನು ತುರುಕಿ ನೋಡಿದೆ. ಶಂಕ್ರೆಪ್ಪನವರ ಗೌಂಡಿಗಳು ನಗುವುದನ್ನು ಬಿಡಲಿಲ್ಲ. ಕೊನೆಗೆ ತ್ಯಾಗಕ್ಕೆ ಸಿದ್ಧನಾದೆ. ವಿಷಯ ತಿಳಿದ ಶಂಕ್ರೆಪ್ಪನವರು, ಶಿರೂರಿನಲ್ಲಿರುವ ನನ್ನ ತಮ್ಮ ಪ್ರೇಮಕುಮಾರನಿಗೆ ಇಂಥ ಗಾಡಿಯದೇ ಹುಚ್ಚು, ಭಾನುವಾರ ಬಂದು ಒಯ್ಯುತ್ತೇನೆ ಅಂದರು. ನಾನು ಒಪ್ಪಿದೆ. ಉಮಾವತಿ ಮಾತ್ರ, ಮಾರುವ ಮೊದಲು ಇನ್ನೊಮ್ಮೆ ಯೋಚನೆ ಮಾಡಿ ಅಂದಳು. ಕಾರನ್ನು ಕಂಡರಾಗದವಳೇ ಹೀಗೆ ಹೇಳಿದ್ದು ನನ್ನ ಮೇಲಿನ ಕನಿಕರದಿಂದ ಎಂದುಕೊಂಡೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಮಧ್ಯಾಹ್ನ ನಾನು ಮನೆಯಲ್ಲಿ ಮಲಗುವ ಹೊತ್ತಿಗೇ ಸೊಸೈಟಿಗೆ ನೀರಿನ ಟ್ಯಾಂಕರ್ ಬರುತ್ತದೆ, ನನ್ನ ಕಾರು ಅದಕ್ಕೆ ಅಡ್ಡ. ನನ್ನನ್ನು ಎಬ್ಬಿಸುವುದಕ್ಕಿಂತ ಸುಲಭವೆಂದು ಉಮಾವತಿ ಡ್ರೈವಿಂಗ್ ಕ್ಲಾಸಿಗೆ ಹೋಗಿ ಲೈಸೆನ್ಸೇ ತೆಗೆದುಕೊಂಡಿದ್ದಳು. ಕಾರನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತೆಗೆದು ನಿಲ್ಲಿಸುವಷ್ಟು ಸ್ವಾತಂತ್ರ್ಯ ನಾನು ಕೊಟ್ಟಿದ್ದೆ. ಗೇಟು ದಾಟಿಸುವುದು ಹೆಂಗಸರ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ಆ ಭಾನುವಾರ ಕೊನೆಯ ಸಲ ಕಾರು ಓಡಿಸುವ ಧೈರ್ಯ ನನಗೆ ಬರಲಿಲ್ಲ. ಹಿಟ್ಟನ್ನು ರಿಕ್ಷಾದಲ್ಲಿ ಕಳಿಸು ಎಂದು ಹೇಳಿ ಮುಸುಕೆಳೆದು ಮಲಗಿದೆ. ಎದ್ದು ಕೆಳಗೆ ಬಂದಾಗ ಕಾರಿನ ಜಾಗ ಖಾಲಿ. ಶಂಕ್ರೆಪ್ಪ ಬೆಳಿಗ್ಗೆಯೇ ಬಂದು ಒಯ್ದರು ಎಂದುಕೊಂಡೆ. ನೆಲದಲ್ಲಿ ಅದು ಬಿಟ್ಟುಹೋಗಿದ್ದ ಎಣ್ಣೆಯ ಕಲೆಯನ್ನು ಚಪ್ಪಲಿ ತಾಗದಂತೆ ಸುತ್ತು ಹಾಕಿ ದಾಟಿದೆ. ಬಸ್ಸು ಹಿಡಿದು, ನಿಂತುಕೊಂಡೇ ಕ್ಯಾಂಪಿಗೆ ಬಂದೆ.

ಹೋಟೆಲಿನ ಹೊರಗೆ ಜನ ನಿಂತಿದ್ದರು. ಒಳಗೆ ಗೌಂಡಿಗಳು ತಲೆ ಎತ್ತದೆ ತಿನ್ನುತ್ತಿದ್ದರು. ಗಲ್ಲಾದಲ್ಲಿ ಉಮಾವತಿ ಕೂತಿದ್ದಳು. ಶಂಕ್ರೆಪ್ಪನವರು ಮಡಿಲಲ್ಲಿ ಕಾರಿಗೆಂದು ತಂದ ಹೂವಿನ ಹಾರ ಇಟ್ಟುಕೊಂಡು ಎರಡನೇ ತಟ್ಟೆ ಇಡ್ಲಿ ಮುಗಿಸುತ್ತಿದ್ದರು. ಅವರ ತಟ್ಟೆಯಿಂದಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ಹತ್ತಿ. ಹೋಟೆಲು ಬದುಕಿತು ಎಂದು ತಿಳಿದಾಗ ನನ್ನ ದುಃಖವೆಲ್ಲ ಅಲ್ಲಿಯೇ ಭಾಷಣವಾಗಿ ಹೊರಬಂತು.

ನಾಲ್ಕು ಜನರ ಮುಂದೆ ಮರಾಠಿ, ಹಿಂದಿ, ಕನ್ನಡ ಮೂರನ್ನೂ ಬೆರೆಸಿ ನಾನು ಘೋಷಿಸಿದೆ: ಇಷ್ಟು ದಿನ ನಿಮ್ಮ ಹಲ್ಲು ಪರೀಕ್ಷಿಸಿದ ಪಾಪಿ ಆ ಕೆಂಪು ಕಾರು. ಬೇಳೆಯದು ತಪ್ಪಿಲ್ಲ, ಶ್ಯಾಮನದು ತಪ್ಪಿಲ್ಲ, ನನ್ನ ಹೆಂಡತಿಯ ಕೈಯದಂತೂ ಇಲ್ಲವೇ ಇಲ್ಲ. ಇವತ್ತು ಹಿಟ್ಟು ರಿಕ್ಷಾದಲ್ಲಿ ಬಂತು, ಇಡ್ಲಿ ಹೂವಾಯಿತು. ಇದಕ್ಕಿಂತ ಬೇರೆ ಪುರಾವೆ ಬೇಕೆ?

ಗೌಂಡಿಗಳಲ್ಲಿ ಒಬ್ಬರು ಚಪ್ಪಾಳೆ ಕೂಡ ತಟ್ಟಿದರು. ಉಮಾವತಿ ಚಿಲ್ಲರೆ ಕೊಡುವುದನ್ನು ಮುಗಿಸಿ ತಲೆ ಎತ್ತಿದಳು.

"ರಿಕ್ಷಾ ಸಿಗ್ಲಿಲ್ಲ."

"ಮತ್ತೆ ಹಿಟ್ಟು ಹೇಗೆ ಬಂತು?"

"ಕಾರಿನಲ್ಲೇ. ನಾನೇ ತಂದೆ. ಹಿಂದಿನ ಓಣಿಯಲ್ಲಿ ನಿಲ್ಲಿಸಿದ್ದೇನೆ."

ಅದೇ ಕಾರು, ಅದೇ ಸ್ಪ್ರಿಂಗು, ಅದೇ ರಸ್ತೆ. ಬದಲಾದದ್ದು ಯಾವುದೆಂದು ಲೆಕ್ಕ ಹಾಕಲು ಗೌಂಡಿಗಳಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಶಂಕ್ರೆಪ್ಪನವರು ಕೈ ತೊಳೆದು ಬಂದು ಹಾರವನ್ನು ಗಲ್ಲಾದ ಮೇಲಿಟ್ಟರು.

"ಗಾಡಿ ಮಾರೂದು ಬ್ಯಾಡ್ರಿ ಸೇಠ್ರ. ಗಾಡಿ ಭಾಳ ಚಲೋ ಅದ. ಡ್ರೈವರನ್ನ ಬದಲ್ ಮಾಡ್ರಿ, ಸಾಕು."

ಹೀಗೆ ಕಾರು ಉಳಿಯಿತು, ಹೋಟೆಲೂ ಉಳಿಯಿತು, ಕೆಲಸ ಹೋದದ್ದು ನನ್ನದು. ಈಗ ಬೆಳಿಗ್ಗೆ ಉಮಾವತಿಯೇ ಓಡಿಸುತ್ತಾಳೆ. ನಾನು ಹಿಂದಿನ ಸೀಟಿನಲ್ಲಿ ಎರಡು ಡ್ರಮ್ಮುಗಳ ನಡುವೆ ಕೂತು, ಒಂದೊಂದು ತೋಳಿನಲ್ಲಿ ಒಂದೊಂದನ್ನು ಅಪ್ಪಿಕೊಂಡಿರುತ್ತೇನೆ. ರೇಸ್‌ಕೋರ್ಸಿನ ನೇರ ರಸ್ತೆಯಲ್ಲಿ ನಮ್ಮ ನೂರು ಕುದುರೆಗಳನ್ನು ಹಾಲಿನವರ ಸೈಕಲ್ಲು ಹಿಂದಿಕ್ಕುತ್ತದೆ. ಒಮ್ಮೆ ವಾಕಿಂಗ್ ಬಂದ ಮುದುಕರೊಬ್ಬರು ಪಕ್ಕದಲ್ಲೇ ನಡೆಯುತ್ತಾ ನನಗೆ ನಮಸ್ಕಾರ ಹೇಳಿ, ಮನೆಯವರ ಯೋಗಕ್ಷೇಮ ವಿಚಾರಿಸಿ ಮುಂದೆ ಹೋದರು. ನಾನು ಇದನ್ನೂ ಸಹಿಸಿಕೊಂಡೆ. ಯಾಕೆಂದರೆ ಓಣಿಯ ತುದಿಯಲ್ಲಿದ್ದ ಸೈಕಲ್ಲುಗಳು ನಮ್ಮ ಬಾಗಿಲಿಗೆ ವಾಪಸು ಬಂದಿದ್ದವು, ಮತ್ತು ನಾನು ಕ್ಷಮೆ ಕೇಳದಿದ್ದರೂ ಉಮಾವತಿ ಮತ್ತೆ ನನ್ನೊಡನೆ ಜಗಳ ಆಡತೊಡಗಿದ್ದಳು.

ಮೊನ್ನೆ ಒಂದು ದಿನ ಹಿಟ್ಟು ಇಳಿಸಿ ಇಬ್ಬರೂ ಮನೆಗೆ ಹೊರಟೆವು. ಮುಂದಿನ ಸೀಟಿನಲ್ಲಿ ಕೂತು ನಾನು ಅವಳಿಗೆ ಉಪದೇಶ ಮಾಡುತ್ತಿದ್ದೆ: ಗಾಡಿ ನಿಧಾನ ಓಡಿಸುವುದು ಯಾರಿಗಾದರೂ ಬರುತ್ತದೆ, ಇಂಥ ಕಾರಿನ ಗಮ್ಮತ್ತು ಗೊತ್ತಾಗಬೇಕಾದರೆ ಗುಂಡಿಗೆ ಬೇಕು, ನಿನಗೆ ಅದೆಲ್ಲ ತಿಳಿಯುವುದಿಲ್ಲ. ನೇರ ರಸ್ತೆ ಬಂತು. ಹಿಂದೆ ನೋಡಿದಳು, ಮುಂದೆ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆಮೇಲೆ ಏನಾಯಿತೆಂದು ನನಗೆ ಪೂರ್ತಿ ನೆನಪಿಲ್ಲ. ಮರಗಳು ಒಂದಕ್ಕೊಂದು ಅಂಟಿಕೊಂಡು ಗೋಡೆಯಾದವು. ಹಿಂದೆ ಖಾಲಿ ಡ್ರಮ್ಮುಗಳು ಉರುಳಾಡಿದವು. ನಾನು ಧರ್ಮಸ್ಥಳದಿಂದ ಕಟೀಲಿನವರೆಗೆ ಎಲ್ಲ ದೇವರಿಗೂ ಹರಕೆ ಹೇಳಿ, ಎರಡು ಕೈಯಲ್ಲೂ ಸೀಟು ಹಿಡಿದುಕೊಂಡು, ನಿಧಾನ ಮಾರಾಯ್ತಿ, ನಿಧಾನ, ನಿನ್ನ ಕಾಲು ಹಿಡಿಯುತ್ತೇನೆ ಎಂದು ಬೇಡಿಕೊಂಡೆ.

ಉಮಾವತಿ ಐದನೇ ಗೇರು ಹಾಕಿದಳು.

"ಹೆದರುದು ಎಂತಕ್ಕೆ?" ಎಂದಳು. "ಹಿಟ್ಟು ಇಳಿಸಿ ಆಯ್ತಲ್ಲ."