ನನ್ನನ್ನೇ ಯಾಕೆ ಟ್ಯಾಗ್ ಮಾಡಿದ?

ಅನುಮಾನ ಕೆಲವರಿಗೆ ಕಾಯಿಲೆ. ನನಗೆ ಮಾತ್ರ ಅದು ಸಂಬಳ ಕೊಟ್ಟ ಕಸುಬು. ತೇನಿ ಕಡೆಯ ಗೂಡಲೂರು ದಾಟಿ ಕೇರಳದ ಕುಮುಳಿ ಘಟ್ಟ ಹತ್ತುವ ಮೊದಲು ಇದ್ದ ಚೆಕ್‌ಪೋಸ್ಟಿನಲ್ಲಿ ಕೂತು ತಲೆ ಹಣ್ಣು ಮಾಡಿಕೊಂಡವನು ನಾನು. ಮೇಲಿನಿಂದ ಲಾರಿ ಇಳಿದು ಬಂದರೆ "ಏನಪ್ಪಾ ಲೋಡು?" ಅನ್ನಬೇಕು. "ಸೌದೆ ಸಾರ್" ಅನ್ನುತ್ತಾನೆ. ಟಾರ್ಪಾಲ್ ಎತ್ತಿಸಿದರೆ ಮೇಲೆ ಸೌದೆ, ಕೆಳಗೆ ಘಮಘಮ ಏಲಕ್ಕಿ. ಈಗ ಚೆಕ್‌ಪೋಸ್ಟೂ ಇಲ್ಲ, ನನ್ನ ನೌಕರಿಯೂ ಇಲ್ಲ. ಉತ್ತಮಪಾಳಯದ ಮನೆಯ ಜಗುಲಿಯಲ್ಲಿ ಫೋನು ಹಿಡಿದು ಕೂತಿದ್ದೇನೆ. ಟಾರ್ಪಾಲ್ ಎತ್ತುವ ಚಟ ಮಾತ್ರ ಕೈಬಿಟ್ಟಿಲ್ಲ. ಯಾರಾದರೂ ಒಂದು ಫೋಟೋ ಹಾಕಿ ಅದಕ್ಕೆ ನನ್ನ ಹೆಸರು ಅಂಟಿಸಿದರೆ ಸಾಕು, 'ಕೆಳಗೇನಿದೆ?' ಅಂತ ಮನಸ್ಸು ಕೆದಕತೊಡಗುತ್ತದೆ. ಹೀಗೆ ಅನುಮಾನ ಪಡುತ್ತ ಸುಖವಾಗಿದ್ದವನು ಒಂದು ಸಲ ನಾನೇ ಇನ್ನೊಬ್ಬನನ್ನು ಟ್ಯಾಗ್ ಮಾಡಿ, ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರವೇ ನಿಂತುಹೋಗುವ ಹಾಗೆ ಮಾಡಿಕೊಂಡೆ. ಅದನ್ನು ಹೇಳುವ ಮೊದಲು ಹಿಂದಿನದ್ದು ಒಂದೆರಡು ಹೇಳಲೇಬೇಕು. ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಹಳದಿ ಬಿಲ್ಲೆ

ಟ್ಯಾಗ್ ಅನ್ನುವ ಪದ ನಮ್ಮ ಮನೆಗೆ ಮೊದಲು ಬಂದದ್ದು ಎಮ್ಮೆಯ ಕಿವಿಯಲ್ಲಿ. ದನದ ಡಾಕ್ಟರು ಬಂದು ಕಿವಿಗೆ ತೂತು ಹಾಕಿ, ಹಳದಿ ಬಿಲ್ಲೆ ಸಿಕ್ಕಿಸಿ, "ಟ್ಯಾಗ್ ಮಾಡಾಯ್ತು" ಅಂದು ಹೋಗಿದ್ದರು. ಅದಾದ ಮೇಲೆ ಒಂದು ಬೆಳಿಗ್ಗೆ ಸೊಸೆ ಅಡುಗೆಮನೆಯಿಂದ ಕೂಗಿದಳು.

"ಮಾಮಾ, ನಮ್ಮಣ್ಣ ನಿಮ್ಮನ್ನ ಟ್ಯಾಗ್ ಮಾಡವ್ನೆ!"

ಅವಳ ಅಣ್ಣ ಇರುವುದು ವೇದಸಂದೂರಿನಲ್ಲಿ. ಸ್ಪಿನ್ನಿಂಗ್ ಮಿಲ್ಲಿನಲ್ಲಿ ಸೂಪರ್‌ವೈಸರ್. ಒಳ್ಳೆಯ ಹುಡುಗ, ಆದರೆ ಮುಖ ಸ್ವಲ್ಪ ಉದ್ದ, ಮೂಗಿನ ತುದಿಯಲ್ಲೇ ಕೋಪ. ಮದುವೆಯಲ್ಲಿ ತೆಗೆದ ಗುಂಪು ಫೋಟೋ ಹಾಕಿ ನನ್ನ ಹೆಸರು ಸೇರಿಸಿದ್ದ, ಅಷ್ಟೇ. ನನಗೆ ಗೊತ್ತಾಗಬೇಕಲ್ಲ! ಕೈ ತಾನಾಗಿ ಕಿವಿಗೆ ಹೋಯಿತು.

"ನಾನೇನು ಎಮ್ಮೆಯಾ? ನನ್ನನ್ನ ಕೇಳದೆ ಅವನು ಹೆಂಗೆ ಮಾಡ್ತಾನೆ?"

ನನ್ನ ಹೆಂಡತಿ ಹಾಲು ಕರೆಯುವುದನ್ನು ನಿಲ್ಲಿಸಿ, ಎಮ್ಮೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. "ಎಮ್ಮೆ ಇಷ್ಟು ರಂಪ ಮಾಡಿರ್ಲಿಲ್ಲ ಬಿಡ್ರಿ."

ಜಿಲೇಬಿ

ನಮ್ಮ ಮನೆಮಾತು ಕನ್ನಡ. ಯಾವ ಕಾಲದಲ್ಲೋ ಇತ್ತ ತಮಿಳು ಸೀಮೆಗೆ ಬಂದು ನೇಗಿಲು ಊರಿದ ಒಕ್ಕಲು ಮಕ್ಕಳು ನಾವು. ಮಾತೇನೋ ನಾಲಿಗೆಯಲ್ಲಿ ಉಳಿದಿದೆ, ಅಕ್ಷರ ಉಳಿದಿಲ್ಲ. ಬರೆಯಬೇಕಾದರೆ ಎಲ್ಲರೂ ಕನ್ನಡ ಮಾತನ್ನು ತಮಿಳು ಅಕ್ಷರದಲ್ಲೇ ಬರೆಯುತ್ತಾರೆ. ನಾನೊಬ್ಬ ಮೈಸೂರಿನಲ್ಲಿ ಕಾಲೇಜು ಓದಿದ್ದರಿಂದ ಕನ್ನಡ ಅಕ್ಷರ ಬಲ್ಲೆ. ಆ ಜಂಭದಲ್ಲಿ ಒಂದು ಯುಗಾದಿಗೆ ಅಚ್ಚಗನ್ನಡ ಅಕ್ಷರದಲ್ಲಿ ಶುಭಾಶಯ ಬರೆದು ನೆಂಟರನ್ನೆಲ್ಲ ಸಾಲಾಗಿ ಟ್ಯಾಗ್ ಮಾಡಿದೆ.

ಕಾಫಿ ಆರುವ ಮೊದಲು ದಿಂಡಿಗಲ್‌ನಿಂದ ತಂಗಿಯ ಮಗನ ಫೋನು. ದನಿ ಬಹಳ ಸಣ್ಣ.

"ಮಾಮಾ, ಗಾಬರಿ ಆಗಬ್ಯಾಡಿ. ನಿಮ್ಮ ಅಕೌಂಟ್‌ನ ಯಾರೋ ಹ್ಯಾಕ್ ಮಾಡವ್ರೆ. ಜಿಲೇಬಿ ಜಿಲೇಬಿಯಾಗಿ ಏನೇನೋ ಬತ್ತಾ ಐತೆ."

"ಅಯ್ಯಾ, ಅದು ಕನ್ನಡ ಕಣೋ! ನೀನೀಗ ಮಾತಾಡ್ತಾ ಇದೀಯಲ್ಲ, ಅದೇ!"

ಫೋನಿನಲ್ಲಿ ಅದನ್ನು ಇನ್ನೊಮ್ಮೆ ನೋಡಿದ ಅಂತ ಕಾಣುತ್ತದೆ. ಆಮೇಲೆ ಅನುಮಾನದಿಂದ ಕೇಳಿದ: "ನಾನು ಮಾತಾಡಿದ್ರೆ ಇಂಗಾ ಕಾಣ್ತದೆ?"

ಅವತ್ತಿಗೆ ಜಂಭ ಇಳಿಯಿತು. ನಾನೂ ಎಲ್ಲರ ಹಾಗೆ ಕನ್ನಡವನ್ನು ತಮಿಳು ಅಕ್ಷರದಲ್ಲೇ ಬರೆಯತೊಡಗಿದೆ. ಮುಂದೆ ಆದ ಅನಾಹುತಕ್ಕೆ ಬೀಜ ಬಿದ್ದದ್ದು ಇಲ್ಲೇ.

ಮಾಲೆ

ಪಕ್ಕದ ಮನೆಯವರು ನಿವೃತ್ತ ಹೆಡ್‌ಮೇಷ್ಟ್ರು. ಅವರಿಗೆ ಮಕ್ಕಳಿಗಿಂತ ಹೆಚ್ಚಾಗಿ ಒಂದು ಮುದಿ ನಾಯಿ ಇತ್ತು. ಅದಕ್ಕೆ ದಿನಾ ಬಿಸ್ಕತ್ತು ಹಾಕುತ್ತಿದ್ದವನು ನಾನು. ನಾಯಿ ಸತ್ತಿತು. ಮೇಷ್ಟ್ರು ಉರಿಯುವ ದೀಪದ ಚಿತ್ರವೊಂದನ್ನು ಹಾಕಿ, ದುಃಖದಲ್ಲಿ ಪಾಲುದಾರ ಅಂತ ನನ್ನನ್ನು ಟ್ಯಾಗ್ ಮಾಡಿದರು. ಒಕ್ಕಣೆ ಹೀಗಿತ್ತು: "ಕಣ್ಣೀರಿನ ಅಂಜಲಿ. ನಮ್ಮ ಬೀದಿಯ ಕಾವಲುಗಾರ ಇನ್ನಿಲ್ಲ. ಬಂದವರನ್ನೆಲ್ಲ ಅನುಮಾನದಿಂದ ನೋಡುತ್ತಿದ್ದ. ಮೂಸದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಆದರೆ ಯಾರನ್ನೂ ಕಚ್ಚಿದವನಲ್ಲ."

ನಾಯಿ ಎಂಬ ಪದ ಎಲ್ಲೂ ಇಲ್ಲ. ದೀಪದ ಕೆಳಗೆ ನನ್ನ ಹೆಸರು ಮಾತ್ರ ದಪ್ಪಕ್ಷರದಲ್ಲಿದೆ.

ಮಧ್ಯಾಹ್ನದ ಹೊತ್ತಿಗೆ ಸೊಸೆಯ ಅಣ್ಣ ವೇದಸಂದೂರಿನಿಂದ ಬಾಡಿಗೆ ಕಾರಿನಲ್ಲಿ ಬಂದಿಳಿದ. ಕಣ್ಣು ಕೆಂಪು, ಕೈಯಲ್ಲಿ ಆಳುದ್ದದ ಸಂಪಂಗಿ ಮಾಲೆ. ನಾನು ಜಗುಲಿಯಲ್ಲಿ ಬೋಂಡಾ ತಿನ್ನುತ್ತಿದ್ದೆ. ಅವನು ನಿಂತಲ್ಲೇ ನಿಂತ.

"ಮಾಮಾ... ನೀವು... ಚೆನ್ನಾಗಿದ್ದೀರಾ?"

"ಬಾಪ್ಪಾ, ಬೋಂಡಾ ತಗೋ. ಯಾರಿಗೆ ಮಾಲೆ?"

ಅವನು ಮಾಲೆಯನ್ನು ಬೆನ್ನ ಹಿಂದೆ ಬಚ್ಚಿಡಲು ನೋಡಿದ. ಆಳುದ್ದದ ಮಾಲೆ ಬೆನ್ನ ಹಿಂದೆ ಅಡಗುತ್ತದೆಯೇ? ಕೊನೆಗೆ ಮೇಷ್ಟ್ರೇ ಬಂದು ಅದನ್ನು ಇಸಿದುಕೊಂಡು ಹೋಗಿ ನಾಯಿಯ ಗುಂಡಿಯ ಮೇಲೆ ಹಾಕಿದರು.

ನಾನು ಒಳಗೆ ಬಂದು, "ಆ ಬರಹ ಓದಿ ಅದು ನಾನೇ ಅಂತ ಹೆಂಗೆ ನಂಬಿದರೋ!" ಎಂದು ಹಲುಬಿದೆ. ಹೆಂಡತಿ ಬಾಣಲೆಯಿಂದ ತಲೆ ಎತ್ತದೆ ಹೇಳಿದಳು:

"ಓದಿದಾಗ ನನಗೂ ಒಂದು ಚಣ ಎದೆ ಧಸಕ್ ಅಂತು. ನೀವು ಎದುರಿಗೇ ಕೂತು ಬೋಂಡಾ ತಿಂತಾ ಇದ್ರೂವೆ."

ಗದ್ದೆ

ಈಗ ಮುಖ್ಯ ವಿಷಯ. ಮೊಮ್ಮಗಳಿಗೆ ಕಿವಿ ಚುಚ್ಚಿಸಬೇಕು. ನಮ್ಮಲ್ಲಿ ಮಗು ತಾಯಿಮಾಮನ, ಅಂದರೆ ತಾಯಿಯ ಅಣ್ಣನ ಮಡಿಲಲ್ಲಿ ಕೂತೇ ಕಿವಿ ಚುಚ್ಚಿಸಿಕೊಳ್ಳಬೇಕು. ಬೇರೆ ಯಾರ ಮಡಿಲೂ ನಡೆಯುವುದಿಲ್ಲ. ಆ ತಾಯಿಮಾಮ ಇದೇ ವೇದಸಂದೂರಿನವನು, ಒಬ್ಬನೇ ಒಬ್ಬ. ದಿನ ಗೊತ್ತಾಯಿತು, ಆಚಾರಿಗೆ ಹೇಳಿಯಾಯಿತು. ತಾಯಿಮಾಮ ಮಾತ್ರ ಫೋನು ಎತ್ತುತ್ತಿಲ್ಲ. ಮೆಸೇಜು ಓದಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಅವನ ತಂಗಿ, ನಮ್ಮ ಸೊಸೆಯೇ ಫೋನು ಮಾಡಿದರೂ "ಮಿಲ್ಲಲ್ಲಿ ಕೆಲಸ" ಅಂದು ಇಟ್ಟುಬಿಡುತ್ತಾನೆ.

ನಾನು ಸತ್ತಾಗ ಎಲ್ಲರಿಗಿಂತ ಮೊದಲು ಓಡಿ ಬಂದವನು ಬದುಕಿರುವಾಗ ಬರುತ್ತಿಲ್ಲ ಅಂದರೆ ಏನರ್ಥ?

ಮನೆಯಲ್ಲಿ ಎಲ್ಲರೂ ಟಾರ್ಪಾಲ್ ಎತ್ತಲು ಶುರು ಮಾಡಿದರು. ಮಾಲೆಯನ್ನು ನಾಯಿಗೆ ಹಾಕಿದ್ದಕ್ಕೆ ಕೋಪ ಅಂತ ನನ್ನ ಅನುಮಾನ. ಹೋದ ಸಲ ಬಂದಾಗ ಬಾಳೆ ಎಲೆಯ ತುದಿ ತಪ್ಪಾಗಿ ಬಲಗಡೆಗೆ ಹಾಕಿ ಬಡಿಸಿದ್ದಕ್ಕೆ ಅಂತ ಹೆಂಡತಿಯ ಅನುಮಾನ. ಸೊಸೆ ಮಾತ್ರ ನನ್ನನ್ನೇ ಓರೆಗಣ್ಣಿನಿಂದ ನೋಡುತ್ತಿದ್ದಳು. "ಮಡಿಲು ಇಲ್ಲದಿದ್ರೆ ಕಿವಿ ಇಲ್ಲ" ಅಂತ ಒಂದು ಮಾತು ಅಂದು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ತಾಂಬೂಲದ ತಟ್ಟೆ ಹಿಡಿದು ನಾನೂ ಹೆಂಡತಿಯೂ ಸೊಸೆಯೂ ಬಸ್ಸು ಹತ್ತಿದೆವು. ತೇನಿಯಲ್ಲಿ ಒಂದು ಬಸ್ಸು, ದಿಂಡಿಗಲ್‌ನಲ್ಲಿ ಇನ್ನೊಂದು ಬಸ್ಸು ಬದಲಿಸಿ ವೇದಸಂದೂರಿಗೆ ಹೋದರೆ ಅವನು ಬಿಗಿದುಕೊಂಡು ಕೂತಿದ್ದ. ನಮಗೆ ಬರೀ ನೀರು ಬಂತು. ಕಾಫಿಯ ವಾಸನೆಯೇ ಇಲ್ಲ. ನಾನು ಬಹಳ ನಯವಾಗಿ ಹೇಳಿದೆ:

"ನಿನ್ನ ಮಡಿಲಲ್ಲಿ ಮಗೂನ ಕೂರಿಸ್ಕೋಬೇಕಪ್ಪಾ."

"ಅದಕ್ಕೆ ಮನುಷ್ಯ ಬೇಕಲ್ಲ ಮಾಮಾ? ನಾಲ್ಕು ಕಾಲಿನವನ ಮಡಿಲಲ್ಲಿ ಮಗು ಹೆಂಗೆ ಕೂತ್ಕೊಂತದೆ?"

ನಾವು ಮೂವರೂ ಅವನ ಕಾಲು ನೋಡಿದೆವು. ಎರಡೇ ಇದ್ದವು.

"ಏನೋ ಇದು, ಒಗಟಾ?" ಎಂದಳು ನನ್ನ ಹೆಂಡತಿ.

ಅವನು ಫೋನು ತೆಗೆದು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ನಾನೇ ತೆಗೆದು ನಾನೇ ಹಾಕಿದ್ದ ಫೋಟೋ. ಅವನು ನಮ್ಮೂರಿಗೆ ಬಂದಿದ್ದಾಗ ನಮ್ಮ ಗದ್ದೆಯ ನಡುವೆ, ಬಿಳಿ ಅಂಗಿ ಬಿಳಿ ವೇಷ್ಟಿಯಲ್ಲಿ ಹಲ್ಲು ಬಿಟ್ಟು ನಿಂತಿದ್ದಾನೆ. ಹಿಂದೆ ನೆಲ್ಲಿನ, ಅಂದರೆ ಭತ್ತದ ಪೈರು ಹಸಿರು ಮಸುಕಾಗಿ ಕಾಣುತ್ತದೆ. ಅವನನ್ನು ಟ್ಯಾಗ್ ಮಾಡಿ, ಮೇಲೆ ನಾನು ತಮಿಳು ಅಕ್ಷರದಲ್ಲಿ ಬರೆದಿದ್ದೆ: "ನಮ್ಮ ಗದ್ದೆ. ನೋಡಿದರೆ ಕಣ್ಣು ತುಂಬುತ್ತದೆ."

"ಓದಿ ಮಾಮಾ, ಜೋರಾಗಿ ಓದಿ."

"ನಮ್ಮ ಗದ್ದೆ."

"ಗದ್ದೆ ಎಲ್ಲೈತೆ? ಕತ್ತೆ ಅಂತೈತೆ! ನಮ್ಮ ಕತ್ತೆ!"

ಇನ್ನೊಮ್ಮೆ ಓದಿದೆ, ಆಗ ಹೊಳೆಯಿತು. ತಮಿಳಿನಲ್ಲಿ ಕ ಮತ್ತು ಗ ಎರಡಕ್ಕೂ ಇರುವುದು ಒಂದೇ ಅಕ್ಷರ. ತ ಮತ್ತು ದ ಎರಡಕ್ಕೂ ಒಂದೇ. ನಾನು ಗದ್ದೆ ಅಂತ ಬರೆದರೂ, ಇನ್ನೊಬ್ಬ ಕತ್ತೆ ಅಂತ ಬರೆದರೂ ಕಾಗದದ ಮೇಲೆ ಕಾಣುವುದು ಅದೇ. ಇಷ್ಟಾದರೆ ಹೋಗಲಿ, ಕೆಳಗೆ ನೆಂಟರು ಬರೆದದ್ದನ್ನು ಅವನು ಒಂದೊಂದಾಗಿ ಓದುತ್ತ ಹೋದ.

"ನಿಮ್ಮ ಮೇಷ್ಟ್ರು ಬರೆದವ್ರೆ, 'ಈ ವರ್ಷ ಮೈ ತುಂಬಿಕೊಂಡು ನಿಂತಿದೆ.' ನಿಮ್ಮ ತಂಗಿ ಮಗ ಕೇಳವ್ನೆ, 'ಏನು ಹಾಕ್ತೀರಿ ಮಾಮಾ, ಇಂಗೆ ಬೆಳೆದೈತೆ?' ಅದಕ್ಕೆ ನೀವು, 'ಬರೀ ಸಗಣಿ ಗೊಬ್ಬರ, ಬೇರೇನಿಲ್ಲ.' ಆಮೇಲೆ ಯಾರೋ, 'ಮಾರೋದಾದ್ರೆ ನನಗೆ ಮೊದಲು ಹೇಳಿ.' ಅದಕ್ಕೆ ನೀವೇನು ಬರೆದ್ರಿ? ಹೇಳಿ ಮಾಮಾ, ಏನು ಬರೆದ್ರಿ?"

ನಾನು ಕನ್ನಡಕ ಒರೆಸತೊಡಗಿದೆ. ಸೊಸೆಯೇ ಇಣುಕಿ ಓದಿದಳು. "'ಮಾರುವ ಮಾತೇ ಇಲ್ಲ. ಸೊಸೆ ಕಾಲಿಟ್ಟ ಮೇಲೆ ನಮಗೆ ಸಿಕ್ಕಿದ್ದು ಇದು.'"

ಅದು ಅವಳ ಕಾಲ್ಗುಣವನ್ನು ಹೊಗಳಿ ಬರೆದದ್ದು, ದೇವರಾಣೆ! ಮದುವೆಯಾದ ವರ್ಷವೇ ನಾವು ಆ ಗದ್ದೆ ಕೊಂಡದ್ದು. ನಾನು ಪೆನ್ನು ಇಸಿದುಕೊಂಡು ಅಂಗೈ ಮೇಲೆ ಕನ್ನಡದ ಕ, ಗ, ತ, ದ ಬರೆದು ತೋರಿಸಿದೆ. ಅವನು ಅಂಗೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ, ಥೇಟ್ ನಾನು ಲಾರಿಯ ಪರ್ಮಿಟ್ ನೋಡುತ್ತಿದ್ದ ಹಾಗೆ.

"ಈ ಜಿಲೇಬಿ ಎಲ್ಲಾ ಬ್ಯಾಡ. ಗದ್ದೆ ಅಂತ ಒಂದು ಮಾತೇ ಇಲ್ಲ. ಈಗ ಹುಟ್ಟಿಸ್ತಾ ಇದ್ದೀರಿ."

ಅವನ ಅನುಮಾನದಲ್ಲೂ ನ್ಯಾಯವಿತ್ತು. ವೇದಸಂದೂರಿನ ಕಡೆ ಇರುವುದೆಲ್ಲ ಮಳೆ ನಂಬಿದ ಹೊಲ. ನೀರು ನಿಲ್ಲಿಸಿ ನೆಲ್ಲು ನೆಡುವ ಗದ್ದೆ ಅಲ್ಲಿ ಯಾರಿಗಿದೆ? ಕತ್ತೆ ಮಾತ್ರ ಎಲ್ಲರಿಗೂ ಗೊತ್ತು.

"ನಿಮ್ಮವ್ವನ್ನೇ ಕೇಳು" ಎಂದೆ ಕೊನೆಗೆ.

ಅವನು ಜಗ್ಗಲಿಲ್ಲ. ನನ್ನ ಮುಖದಿಂದ ಕಣ್ಣು ತೆಗೆಯದೆ, ನಾನೇನಾದರೂ ಸನ್ನೆ ಮಾಡುತ್ತೇನೋ ಅಂತ ಕಾಯುತ್ತ, ಒಳಕೋಣೆಯ ಕಡೆಗೆ ಕೂಗಿದ.

"ಅವ್ವಾ! ಗದ್ದೆ ಅಂದ್ರೆ ಏನು?"

ಒಳಗಿಂದ ಮುದುಕಿಯ ದನಿ ಖಣಿಲ್ ಅಂತ ಬಂತು:

"ನೆಲ್ಲು ನೆಡೋ ಹೊಲ ಕಣೋ. ಅಷ್ಟೂ ತಿಳೀದಾ, ಕತ್ತೆ!"

ಕಿವಿ

ಆಮೇಲೆ ಕಾಫಿ ಬಂತು. ಕಾಫಿಯ ಹಿಂದೆ ಮುರುಕ್ಕು ಬಂತು. ತಾಂಬೂಲದ ತಟ್ಟೆ ಅವನ ಕೈ ಸೇರಿತು.

ಗೊತ್ತಾದ ದಿನ ಸೀರೆ, ಹಣ್ಣು, ಚಿನ್ನದ ಓಲೆ ಎಲ್ಲ ತಟ್ಟೆಗಳಲ್ಲಿ ಹೊರಿಸಿಕೊಂಡು ತಾಯಿಮಾಮ ಬಂದ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ. ಆಚಾರಿ ತಂತಿ ಕೈಗೆತ್ತಿಕೊಂಡಾಗ ಮಗುವಿಗಿಂತ ಮೊದಲು ಅವನೇ ಕಣ್ಣು ಮುಚ್ಚಿ "ಅಮ್ಮಾ" ಅಂದ. ಮಗು ಅಳುವುದನ್ನು ಮರೆತು ಅವನನ್ನೇ ನೋಡಿತು, ಅಷ್ಟರಲ್ಲಿ ಒಂದು ಕಿವಿ ಮುಗಿಯಿತು. ಎರಡನೆಯದಕ್ಕೆ ಇಬ್ಬರೂ ಸೇರಿ ಅತ್ತರು.

ನಾನು ಫೋಟೋ ತೆಗೆಯಬಹುದು, ಏನೂ ಬರೆಯಕೂಡದು ಎಂದು ಹೆಂಡತಿಯ ಕಟ್ಟಪ್ಪಣೆ. ಬಾಯಿಗೆ ಬೀಗ ಹಾಕಿದ್ದರೂ ತಡೆದುಕೊಳ್ಳುತ್ತಿದ್ದೆ. ಬೆರಳಿಗೆ ಬೀಗ ಹಾಕಿದರೆ ಏನು ಮಾಡಲಿ? ಸುಮ್ಮನೆ ಪಾಯಸ ಕುಡಿಯುತ್ತ ಕೂತೆ.

ಊಟ ಮುಗಿದು ಅವನು ಕಾರು ಹತ್ತಿದ್ದೇ ತಡ, ನನ್ನ ಫೋನು ಟಿಂಗ್ ಅಂತು. ತಾಯಿಮಾಮ ನನ್ನನ್ನು ಟ್ಯಾಗ್ ಮಾಡಿದ್ದಾನೆ! ಫೋಟೋದಲ್ಲಿ ನಾನೊಬ್ಬನೇ ಕುರ್ಚಿಯ ತುಂಬ ಕೂತಿದ್ದೇನೆ. ಮೇಲೆ ತಮಿಳು ಅಕ್ಷರದಲ್ಲಿ ಎರಡೇ ಪದ. ಓದಿಕೊಂಡೆ: "ನಮ್ಮ ಗುರು."

ಕಣ್ಣು ತುಂಬಿ ಬಂತು. ಎಂಥ ದೊಡ್ಡ ಮನಸ್ಸು! ಮಗನನ್ನು ಕರೆದು ತೋರಿಸಿದೆ, ಮೇಷ್ಟ್ರಿಗೆ ಕೂಗಿ ಹೇಳಿದೆ. ಇನ್ನೇನು ಹೆಂಡತಿಗೆ ತೋರಿಸಬೇಕು, ಅಷ್ಟರಲ್ಲಿ ಒಳಗಿದ್ದ ಹಳೆಯ ಚೆಕ್‌ಪೋಸ್ಟು ಎದ್ದು ಕೂತಿತು. ತಡಿ, ತಡಿ. ಗ ಮತ್ತು ಕ ಒಂದೇ ಅಕ್ಷರ. ಇದು ಗುರುವೋ, ಕುರುವೋ? ಬೆನ್ನಿನಲ್ಲೋ ತೊಡೆಯಲ್ಲೋ ಎದ್ದು, ಕೀವು ತುಂಬಿ ಪ್ರಾಣ ಹಿಂಡುವ ಆ ಕುರುವೇ?

ಫೋನನ್ನು ಹತ್ತಿರ ಹಿಡಿದೆ, ದೂರ ಹಿಡಿದೆ, ಕನ್ನಡಕ ಒರೆಸಿ ನೋಡಿದೆ. ಅವನಿಗೇ ಫೋನು ಮಾಡಿ ಕೇಳಿದರೆ, "ನಿಮಗೆ ಹೆಂಗೆ ಬೇಕೋ ಹಂಗೆ ಓದ್ಕೊಳ್ಳಿ ಮಾಮಾ" ಅಂದು ನಕ್ಕು ಇಟ್ಟ. ಆ ನಗುವಿನ ಟಾರ್ಪಾಲ್ ಎತ್ತಲು ನನ್ನ ಕೈಲಾಗಲಿಲ್ಲ.

ಕೊನೆಗೆ ಹೆಂಡತಿಯ ಮುಂದೆ ಹಿಡಿದೆ. "ನೀನೇ ಹೇಳು, ಇದು ಗುರುವಾ, ಕುರುವಾ?"

ಅವಳು ಮಲಗಿದ್ದ ಮೊಮ್ಮಗಳ ಕಿವಿಗೆ ಅರಿಸಿನ ಹಚ್ಚುತ್ತಿದ್ದಳು. ಫೋನನ್ನು ನೋಡಲೂ ಇಲ್ಲ.

"ಯಾವುದಾದ್ರೇನ್ರಿ? ಎರಡೂ ಮನುಷ್ಯರನ್ನ ಸುಮ್ಕೆ ಕೂತ್ಕೊಳ್ಳಾಕೆ ಬಿಡಾಕಿಲ್ಲ."