ಪೆಟ್ಟಿಗೆ ಬಾಯಿಬಿಟ್ಟ ದಿನ

ಹಲ್ಲುಜ್ಜುತ್ತಲೇ ಕಂಪ್ಯೂಟರಿನ ಮುಂದೆ ನಿಂತಿದ್ದ ರಿಪೇರಿ ಮೇಡಂ ಬಾಯಲ್ಲಿದ್ದ ನೊರೆಯನ್ನು ಗುಳಕ್ಕನೆ ನುಂಗಿಬಿಟ್ಟಳು. ನೆರೆಹೊರೆಯವರನ್ನು ಆಡಿಕೊಂಡು ತಂಗಿಗೆಂದು ಫೋನಿನಲ್ಲಿ ಮಾತಾಡಿ ಕಳಿಸಿದ ರೆಕಾರ್ಡಿಂಗುಗಳೆಲ್ಲ ‘ಎಲ್ಲರಿಗೂ’ ಎಂಬ ಫೋಲ್ಡರಿನಲ್ಲಿ ಸಾಲಾಗಿ ಕೂತಿದ್ದವು. ಅದೂ ಒಂದು ತಿಂಗಳಿಂದ.

ಎಲ್ಲರಿಗೂ ಎಂದರೆ ಇಡೀ ಕಟ್ಟಡಕ್ಕೆ; ಯಾವ ಮನೆಯವರಾದರೂ ತಮ್ಮ ಫೋನಿನಲ್ಲೇ ಅದನ್ನು ತೆರೆಯಬಹುದಿತ್ತು. ಮೇಲ್ಮನೆಯ ನಿವೃತ್ತ ನರ್ಸಮ್ಮ ತೀರಿಹೋದ ಗಂಡನ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಹೊರಟಾಗ, ಇವಳೇ ಅದನ್ನು ಬೇಡಿ ತಂದು, ಧೂಳು ಊದಿ, ಜೀವ ಕೊಟ್ಟು, ತನ್ನ ಮನೆಯ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಪ್ರತಿಷ್ಠಾಪಿಸಿದ್ದಳು. “ನಮ್ಮ ಫೋಟೋ ನಾವು ನೋಡೋಕೆ ಯಾವನೋ ಕಂಪನಿಗೆ ಬಾಡಿಗೆ ಯಾಕೆ? ಹೊಸದು ಕೊಳ್ಳೋದು ಒಂದು ರೋಗ!” ಎಂದು ಮನೆಮನೆಗೂ ಭಾಷಣ ಮಾಡಿ, ಎಲ್ಲರ ಫೋಟೋ, ವಿಡಿಯೋ, ಹಾಡುಗಳನ್ನು ಅದಕ್ಕೆ ತುಂಬಿಸಿದ್ದಳು. ಪೆಟ್ಟಿಗೆ ನೆಗಡಿಯಾದ ಮುದುಕನ ಹಾಗೆ ಗೊರಗೊರ ಎನ್ನುತ್ತಿತ್ತು. ಅವಳ ಕಿವಿಗೆ ಅದೇ ಸಂಗೀತ.

ತನ್ನ ಫೋನಿನಲ್ಲಿದ್ದುದೆಲ್ಲ ತಾನಾಗಿ ಅದರೊಳಗೆ ಸೇರುವ ಏರ್ಪಾಟೂ ಅವಳದೇ. ಎಲ್ಲಿ ಸೇರಬೇಕೆಂದು ತೋರಿಸುವಾಗ ಬೆರಳು ತಪ್ಪಿತ್ತು.

ತಕ್ಷಣ ಎಲ್ಲವನ್ನೂ ಅಳಿಸಿದಳು. ಆದರೆ ಕೇಳಿದ ಕಿವಿಗಳಿಂದ ಅಳಿಸುವುದು ಹೇಗೆ?

“ತಿಂಗಳಿಂದ ಇತ್ತು ಅಂದ್ಮೇಲೆ ಕೇಳಿಸ್ಕೊಂಡೇ ಇರ್ತಾರೆ ಬಿಡು,” ಎಂದು ಗಂಡ ಸುಟ್ಟ ಗಾಯಕ್ಕೆ ಉಪ್ಪು ಸವರಿದ.

ಕೆಲಸಕ್ಕೆಂದು ಮೆಟ್ಟಿಲಿಳಿದರೆ ಎದುರುಮನೆಯ ಡ್ರೈವಿಂಗ್ ಮೇಷ್ಟ್ರು ಇವಳನ್ನು ಕಂಡವರೇ ಕಾರಿನ ಬಾನೆಟ್ಟಿನೊಳಗೆ ತಲೆ ಹುದುಗಿಸಿದರು. ದಿನಾ ಹತ್ತು ಮಾತಾಡುವ ಮನುಷ್ಯ! ನೀರಿನ ಟ್ಯಾಂಕಿನ ಬಳಿ ಗುಸುಗುಸು ಎನ್ನುತ್ತಿದ್ದವರೂ ಗಪ್‌ಚಿಪ್. ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ನರ್ಸಮ್ಮ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿ ಒಳಗೆ ಹೋದರು. ಇವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಟೆಲಿಫೋನ್ ಕಚೇರಿಯಲ್ಲಿ ದಿನವಿಡೀ ಕೈ ಓಡಲಿಲ್ಲ. ಮೇಷ್ಟ್ರ ಮಾತು ಬಿಡು, ಜ್ವರ ಬಂದಾಗ ರಾತ್ರಿಯೆಲ್ಲ ತಲೆದೆಸೆಯಲ್ಲಿ ಕೂತಿದ್ದ ನರ್ಸಮ್ಮನ ಬಗ್ಗೆ ಆ ನಾಲಿಗೆ ಹಾಗೆ ಹೇಗೆ ಹೊರಳಿತು? ಸಂಜೆ ಬಂದವಳೇ ಕೈಚೀಲವನ್ನೂ ಇಳಿಸದೆ ಎದುರುಮನೆಯ ಬಾಗಿಲು ತಟ್ಟಿದಳು.

“ಸಾರ್, ತಪ್ಪಾಯ್ತು. ನಿಮ್ಮ ಬಾಯಿ ಬ್ರೇಕ್ ಇಲ್ಲದ ಗಾಡಿ, ಗೋಡೆ ಸಿಗೋವರೆಗೂ ನಿಲ್ಲಲ್ಲ ಅಂದಿದ್ದು... ತಮಾಷೆಗೆ ಸಾರ್.”

ಮೇಷ್ಟ್ರು ಕೆಂಪಾದರು. “ಓಹೋ. ಹಾಗಂದ್ರಾ?” ಎಂದಷ್ಟೇ ಹೇಳಿ ಬಾಗಿಲು ಮುಂದೆ ಮಾಡಿದರು. ಮನುಷ್ಯ ಎಷ್ಟು ನೊಂದಿರಬೇಕು!

ಅಲ್ಲಿಂದ ನೇರ ಮೇಲ್ಮನೆಗೆ ಹತ್ತಿದಳು. ನರ್ಸಮ್ಮ ಬಾಗಿಲು ಅರ್ಧವೇ ತೆರೆದರು. ಇವಳು ಅಲ್ಲೇ ಅತ್ತುಬಿಟ್ಟಳು.

“ಅಕ್ಕಾ, ಚಪ್ಪಲಿ ತಗೊಂಡು ಹೊಡೀರಿ. ನಿಮ್ಮ ಹಾಡು ಕೇಳಿದ್ರೆ ಮಲಗಿದ್ದ ರೋಗಿನೂ ಎದ್ದು ಓಡ್ತಾನೆ, ಅದಕ್ಕೇ ನಿಮ್ಮ ಆಸ್ಪತ್ರೇಲಿ ಹಾಸಿಗೆ ಖಾಲಿ ಇರ್ತಿದ್ವು ಅಂದ್ನಲ್ಲ... ಅದು ಮನಸ್ಸಿನಿಂದ ಬಂದಿದ್ದಲ್ಲ ಅಕ್ಕಾ, ಬಾಯಿಚಪಲ.”

ನರ್ಸಮ್ಮ ಹುಬ್ಬೇರಿಸಿದರು. “ಯಾವಾಗ ಅಂದೆ?”

“ಅದೇ... ಪೆಟ್ಟಿಗೇಲಿ ಕೇಳಿದ್ರಲ್ಲ.”

“ಪೆಟ್ಟಿಗೇನಾ?” ನರ್ಸಮ್ಮನ ಮುಖವೂ ಸಣ್ಣಗಾಯಿತು. ಬಾಗಿಲು ಪೂರ್ತಿ ತೆರೆದರು. ಒಳಗೆ ಕಪಾಟಿನ ಮೇಲೆ ಸೋಪಿನ ಬಿಲ್ಲೆಯಷ್ಟು ನುಣ್ಣನೆಯ ಹೊಸ ಸಾಧನವೊಂದು ಹಸಿರು ದೀಪ ಮಿನುಗಿಸುತ್ತಿತ್ತು. “ನಿಮ್ಮನೆಯವರು ಇಸ್ತ್ರಿಗೆ ಅಂತ ಆ ಪೆಟ್ಟಿಗೆ ಪ್ಲಗ್ ಕಿತ್ತಾಗೆಲ್ಲ ನಮ್ಮ ಫೋಟೋನೇ ಮಾಯ ಆಗ್ತಿತ್ತು ಕಣೇ. ಎರಡು ತಿಂಗಳಾಯ್ತು, ಎಲ್ಲಾ ಮನೆಯವರೂ ಸೇರಿ ಫೋಟೋ ಇಡೋಕೆ ಕಂಪನೀದೇ ಒಂದೊಂದು ತಗೊಂಡ್ವಿ. ಒಟ್ಟಿಗೆ ಕೊಂಡ್ರೆ ರಿಯಾಯ್ತಿ ಅಂದ್ರು. ನೀನು ಅಷ್ಟು ಕಷ್ಟಪಟ್ಟಿದ್ದೆ, ಹೇಳೋಕೆ ಯಾರಿಗೂ ಮುಖ ಇರಲಿಲ್ಲ. ಈ ಹೊಸದರ ವಿಷಯ ನಿಂಗೆ ಗೊತ್ತಾಯ್ತಂತೆ ಅಂತ ನಿನ್ನೆ ಮೇಷ್ಟ್ರು ಸುದ್ದಿ ಹಬ್ಬಿಸಿದ್ರು. ಅದಕ್ಕೇ ಬೆಳಿಗ್ಗೆ ತಲೆ ತಪ್ಪಿಸ್ಕೊಂಡೆ.”

“ಹಾಗಾದ್ರೆ ಆ ಪೆಟ್ಟಿಗೇನ...”

“ನೀನೊಬ್ಬಳೇ ಕೇಳ್ತಿರೋದು.”

ಕೆಳಗೆ ಮೆಟ್ಟಿಲಲ್ಲಿ ಮೇಷ್ಟ್ರ ದನಿ ಏರುತ್ತಿತ್ತು. “ಬ್ರೇಕ್ ಇಲ್ಲದ ಗಾಡಿ ಅಂತೆ ರೀ! ನನಗೆ!” ಒಂದೊಂದೇ ಬಾಗಿಲು ತೆರೆದುಕೊಳ್ಳುವ ಸದ್ದು ಕೇಳಿಸಿತು.

ನರ್ಸಮ್ಮ ಕುರ್ಚಿಯನ್ನು ಎಳೆದುಕೊಂಡು ಕೂತರು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಇಂಜೆಕ್ಷನ್ ಕೊಡುವ ಮುಂಚಿನಷ್ಟೇ ಮೃದು.

“ಬಾ, ಕೂತ್ಕೋ. ಸರಿಯಾಗಿ ಕೇಳಿಸ್ಲಿಲ್ಲ. ನನ್ನ ಹಾಡು ಹೇಗಿರುತ್ತೆ ಅಂದೆ?”